ಎರಡು ಬಾಗಿಲುಗಳ ನಡುವೆ ಪೆಟ್ರಾ

1982ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಶಾಸನಸಭೆಯ ಸಮಿತಿಯೊಂದು ಲೆಡ್ ಝೆಪೆಲಿನ್ ತಂಡದ ‘ಸ್ಟೇರ್‌ವೇ ಟು ಹೆವನ್’ ಹಾಡನ್ನು ಉಲ್ಟಾ ಓಡಿಸಿ ಕೇಳಿತು. ಅದರೊಳಗೆ ಸೈತಾನನ ಸ್ತುತಿ ಅಡಗಿದೆ ಎಂಬ ದೂರು ಬಂದಿತ್ತು. ರಾಕ್ ರೆಕಾರ್ಡುಗಳನ್ನು ಹಿಂದಕ್ಕೆ ತಿರುಗಿಸಿದರೆ ಗುಟ್ಟಿನ ಮಾತು ಕೇಳಿಸುತ್ತದೆ, ಅದು ಹುಡುಗ ಹುಡುಗಿಯರ ಮನಸ್ಸಿಗೆ ಗೊತ್ತಿಲ್ಲದ ಹಾಗೆ ಇಳಿಯುತ್ತದೆ ಎಂಬ ಗುಲ್ಲು ಆಗ ಊರೂರಿಗೆ ಹಬ್ಬಿತ್ತು. ಪಾಸ್ಟರುಗಳು ವೇದಿಕೆಯಿಂದ ಎಚ್ಚರಿಸುತ್ತಿದ್ದರು. ಕೆಲವು ಕಡೆ ರೆಕಾರ್ಡುಗಳನ್ನು ರಾಶಿ ಹಾಕಿ ಸುಟ್ಟದ್ದೂ ಉಂಟು.

ಅದೇ ವರ್ಷ ಪೆಟ್ರಾ ಎಂಬ ಕ್ರೈಸ್ತ ರಾಕ್ ತಂಡದ ‘ಮೋರ್ ಪವರ್ ಟು ಯಾ’ ಎಂಬ ಆಲ್ಬಂ ಹೊರಬಂತು. ಇದರಲ್ಲಿ ‘ಜೂಡಸ್ ಕಿಸ್’ ಎಂಬ ಹಾಡಿದೆ. ಹಾಡು ಶುರುವಾಗುವ ಮುನ್ನ ಅರ್ಥವಾಗದ ಗೊಣಗಾಟವೊಂದು ಕೇಳಿಸುತ್ತದೆ. ಅದೇನೆಂದು ತಿಳಿಯಬೇಕಾದರೆ ಪ್ಲೇಯರಿನ ಮೋಟಾರು ನಿಲ್ಲಿಸಿ, ಮುಳ್ಳನ್ನು ಗೆರೆಯ ಮೇಲೆ ಇಟ್ಟು, ತಟ್ಟೆಯನ್ನು ಬೆರಳಿನಿಂದ ಅಪ್ರದಕ್ಷಿಣೆಯಾಗಿ ತಿರುಗಿಸಬೇಕಿತ್ತು. ವೇಗ ಹದಕ್ಕೆ ಬರುವವರೆಗೆ ಮತ್ತೆ ಮತ್ತೆ ಪ್ರಯತ್ನಿಸಬೇಕು. ಹಾಗೆ ತಿರುಗಿಸಿದವರಿಗೆ ಸ್ಪಷ್ಟ ಇಂಗ್ಲಿಷಿನಲ್ಲಿ ಒಂದು ಪ್ರಶ್ನೆ ಕೇಳಿಸುತ್ತಿತ್ತು: ಕರ್ತನನ್ನು ಹುಡುಕಬೇಕಾದವರು ಇಲ್ಲಿ ಸೈತಾನನನ್ನು ಯಾಕೆ ಹುಡುಕುತ್ತಿದ್ದೀರಿ ಎಂದು.

ಆ ಪ್ರಶ್ನೆ ಯಾರಿಗೆ ಎಂಬುದರಲ್ಲಿ ಅನುಮಾನವಿಲ್ಲ. ಚರ್ಚಿನ ಹೊರಗಿನವರು ಅದನ್ನು ಹುಡುಕಿಕೊಂಡು ಹೋಗುವವರಲ್ಲ. ಬೆರಳಿಟ್ಟು ತಟ್ಟೆ ತಿರುಗಿಸುವವರು ಚರ್ಚಿನ ಒಳಗಿನವರು. ತಮ್ಮ ಮನೆಯವರ ಅನುಮಾನಕ್ಕೆ ಉತ್ತರ ಹೇಳುವುದರಲ್ಲೇ ಪೆಟ್ರಾದ ಅರ್ಧ ಆಯುಷ್ಯ ಕಳೆಯಿತು. ಈಚೆಗೆ ಈ ತಂಡದ ರೆಕಾರ್ಡುಗಳನ್ನು 1974ರದ್ದರಿಂದ ಹಿಡಿದು ಸಾಲಾಗಿ ಕೇಳುತ್ತಾ ಬಂದಾಗ ನನ್ನ ಮನಸ್ಸನ್ನು ಹಿಡಿದದ್ದು ಆ ವಾದದ ಕಥೆ. ಪೆಟ್ರಾ ಕೊನೆಗೂ ವಾದದಲ್ಲಿ ಗೆದ್ದಿತು. ಗೆದ್ದ ಮೇಲೆ ಅದರ ಅಗತ್ಯವೇ ಉಳಿಯಲಿಲ್ಲ.

ಕಥೆ ಶುರುವಾಗುವುದು 1960ರ ದಶಕದ ಕೊನೆಯಲ್ಲಿ. ಸ್ಯಾನ್ ಫ್ರಾನ್ಸಿಸ್ಕೊದ ಹೇಟ್-ಆಶ್‌ಬರಿಯಲ್ಲಿ ಹಿಪ್ಪಿಗಳ ಕನಸು ಮಾದಕವಸ್ತುಗಳಲ್ಲಿ ಕರಗುತ್ತಿದ್ದಾಗ ಅವರಲ್ಲೇ ಕೆಲವರು ಬೈಬಲ್ ಹಿಡಿದರು. ಕೂದಲು ಕತ್ತರಿಸಲಿಲ್ಲ, ಗಿಟಾರ್ ಬಿಡಲಿಲ್ಲ. ದಕ್ಷಿಣ ಕ್ಯಾಲಿಫೋರ್ನಿಯಾದ ಕೋಸ್ಟಾ ಮೇಸಾದಲ್ಲಿ ಚಕ್ ಸ್ಮಿತ್ ಎಂಬ ಪಾಸ್ಟರು ಈ ಬರಿಗಾಲಿನ ಯುವಕರನ್ನು ತಮ್ಮ ಕ್ಯಾಲ್ವರಿ ಚಾಪೆಲ್ ಒಳಗೆ ಬಿಟ್ಟುಕೊಂಡರು. 1969ರಲ್ಲಿ ಲ್ಯಾರಿ ನಾರ್ಮನ್ ‘ಅಪಾನ್ ದಿಸ್ ರಾಕ್’ ಎಂಬ ಆಲ್ಬಂ ತಂದ. ಕ್ರೈಸ್ತ ರಾಕ್ ಸಂಗೀತದ ಚರಿತ್ರೆಯನ್ನು ಬಹಳ ಮಂದಿ ಅಲ್ಲಿಂದಲೇ ಎಣಿಸುತ್ತಾರೆ. 1971ರ ಜೂನ್ ತಿಂಗಳಲ್ಲಿ ‘ಟೈಮ್’ ಪತ್ರಿಕೆ ಈ ಯೇಸು ಚಳವಳಿಯನ್ನು ಮುಖಪುಟಕ್ಕೆ ತಂದಿತು. ಮರುವರ್ಷ ಡಲ್ಲಾಸ್‌ನಲ್ಲಿ ಬಿಲ್ಲಿ ಗ್ರಹಾಂ ಭಾಗವಹಿಸಿದ ‘ಎಕ್ಸ್‌ಪ್ಲೊ 72’ ಸಮಾವೇಶಕ್ಕೆ ಸುಮಾರು 80 ಸಾವಿರ ಯುವಜನ ಬಂದರು. ಜಾನಿ ಕ್ಯಾಶ್ ಹಾಡಿದ ವೇದಿಕೆಯ ಮೇಲೆ ಲ್ಯಾರಿ ನಾರ್ಮನ್ ಕೂಡ ಹಾಡಿದ.

ಪೆಟ್ರಾ ಹುಟ್ಟಿದ್ದು ಅದೇ 1972ರಲ್ಲಿ. ಕ್ಯಾಲಿಫೋರ್ನಿಯಾದ ಕಡಲ ತೀರದಿಂದ ಬಹು ದೂರ, ಇಂಡಿಯಾನಾ ರಾಜ್ಯದ ಫೋರ್ಟ್ ವೇಯ್ನ್ ಎಂಬ ಕಾರ್ಖಾನೆಗಳ ಊರಿನಲ್ಲಿ. ಬಾಬ್ ಹಾರ್ಟ್‌ಮನ್ ಮತ್ತು ಗ್ರೆಗ್ ಹಫ್ ಗಿಟಾರ್, ಜಾನ್ ಡಿಗ್ರಾಫ್ ಬೇಸ್, ಬಿಲ್ ಗ್ಲೋವರ್ ಡ್ರಮ್ಸ್. ಅಲ್ಲಿನ ಕ್ರೈಸ್ತ ತರಬೇತಿ ಶಾಲೆಯ ಸಂಪರ್ಕದಲ್ಲಿ ಒಂದಾದವರು ಇವರು. ಊರಿನಲ್ಲಿ ‘ಆಡಮ್ಸ್ ಆಪಲ್’ ಎಂಬ ಕಾಫಿ ಮನೆಯಿತ್ತು. ಯೇಸು ಚಳವಳಿಯ ಹುಡುಗರು ಸಂಜೆ ಸೇರಿ, ಹಾಡಿ, ಪ್ರಾರ್ಥಿಸುತ್ತಿದ್ದ ಜಾಗ. ಪೆಟ್ರಾದ ಆರಂಭದ ಕಛೇರಿಗಳು ಅಲ್ಲೇ ನಡೆದವು.

ಇದನ್ನು ಒತ್ತಿ ಹೇಳಲು ಕಾರಣವಿದೆ. ಕ್ಯಾಲಿಫೋರ್ನಿಯಾದ ಯೇಸು ಸಂಗೀತ ಬಹುಪಾಲು ಮೆದು, ಜಾನಪದ ಧಾಟಿಯದ್ದು. ಫೋರ್ಟ್ ವೇಯ್ನ್‌ನ ಈ ನಾಲ್ವರ ಕಿವಿಯಲ್ಲಿ ಇದ್ದದ್ದು ಬೇರೆ. 1974ರಲ್ಲಿ ‘ಪೆಟ್ರಾ’ ಎಂಬ ಹೆಸರಿನಲ್ಲೇ ಬಂದ ಅವರ ಮೊದಲ ರೆಕಾರ್ಡು ಕೇಳಿದರೆ ಎರಡು ಗಿಟಾರುಗಳು ಒಂದನ್ನೊಂದು ಕೆಣಕುತ್ತಾ, ಬೆನ್ನಟ್ಟುತ್ತಾ, ಮತ್ತೆ ಒಂದೇ ಸಾಲಿನಲ್ಲಿ ಜೊತೆಗೂಡುತ್ತಾ ಹೋಗುತ್ತವೆ. ಆಲ್ಮನ್ ಬ್ರದರ್ಸ್ ತಂಡದ ದಕ್ಷಿಣದ ರಾಕ್ ಪರಿಚಯವಿದ್ದವರಿಗೆ ಆ ಗುರುತು ಕೂಡಲೇ ಹತ್ತುತ್ತದೆ. ಗಾಯನ ಅಷ್ಟು ಪಳಗಿದ್ದಲ್ಲ, ಹಾರ್ಟ್‌ಮನ್ ಮತ್ತು ಹಫ್ ತಾವೇ ಹಾಡಿದ್ದಾರೆ. ‘ಲೂಕಸ್ ಮೆಗ್ರಾ’ ಎಂಬ ಹಳ್ಳಿ ಧಾಟಿಯ ತಮಾಷೆಯ ಹಾಡೂ ಇದರಲ್ಲಿದೆ. ಯಾರನ್ನೂ ಮೆಚ್ಚಿಸುವ ಲೆಕ್ಕಾಚಾರ ಇನ್ನೂ ಶುರುವಾಗಿರದ ಹುಡುಗರ ಸಂತೋಷ ಈ ರೆಕಾರ್ಡಿನ ತುಂಬ ಇದೆ. ಮುಂದೆ ಅವರು ಇದಕ್ಕಿಂತ ಎಷ್ಟೋ ಚೊಕ್ಕವಾಗಿ ನುಡಿಸಿದರು, ಇಷ್ಟು ನಿರಾಳವಾಗಿ ಮತ್ತೆ ನುಡಿಸಿದ್ದು ಕಡಿಮೆ.

ಈ ರೆಕಾರ್ಡನ್ನು ತಂದದ್ದು ಮರ್ ಸಂಸ್ಥೆ. ಟೆಕ್ಸಸ್‌ನ ವೇಕೊ ಊರಿನ ವರ್ಡ್ ಕಂಪನಿಯ ಒಳಗೆ ಯುವಜನರ ಸಂಗೀತಕ್ಕೆಂದೇ ಬಿಲ್ಲಿ ರೇ ಹರ್ನ್ ಕಟ್ಟಿದ ಶಾಖೆ ಅದು. ಆದರೆ ರೆಕಾರ್ಡು ಅಚ್ಚಾದ ಮೇಲೆ ಹೋಗಬೇಕಾದದ್ದು ಎಲ್ಲಿಗೆ? ಕ್ರೈಸ್ತ ಸಂಗೀತ ಆಗ ಮಾರಾಟವಾಗುತ್ತಿದ್ದದ್ದು ಕ್ರೈಸ್ತ ಪುಸ್ತಕದಂಗಡಿಗಳಲ್ಲಿ, ಬೈಬಲ್ ಮತ್ತು ಭಾನುವಾರ ಶಾಲೆಯ ಪುಸ್ತಕಗಳ ಪಕ್ಕದಲ್ಲಿ. ಅಂಗಡಿಗೆ ಬರುವ ಗಿರಾಕಿಗಳು ಡ್ರಮ್ಸ್ ಸದ್ದನ್ನೇ ಪಾಪವೆಂದು ನಂಬಿದವರು. ರಾಕ್ ಮಾರುವ ಸಾಮಾನ್ಯ ಅಂಗಡಿಗಳಿಗೆ ಯೇಸುವಿನ ಹೆಸರೇ ಅಡ್ಡಿ. ಒಂದು ಬಾಗಿಲು ವಾದ್ಯ ನೋಡಿ ಮುಚ್ಚಿತು, ಇನ್ನೊಂದು ಮಾತು ಕೇಳಿ ಮುಚ್ಚಿತು. ಅಂದಿನ ಕ್ರೈಸ್ತ ರಾಕ್ ತಂಡಗಳೆಲ್ಲ ಈ ಎರಡರ ನಡುವೆಯೇ ಬದುಕಿದವು. ಹೆಚ್ಚಿನವು ಬಹುಕಾಲ ಬಾಳಲಿಲ್ಲ.

1977ರ ಎರಡನೇ ರೆಕಾರ್ಡು ‘ಕಮ್ ಆ್ಯಂಡ್ ಜಾಯಿನ್ ಅಸ್’ ಹೊತ್ತಿಗೆ ಈ ಇಕ್ಕಟ್ಟು ಕೈಗೆ ತಾಗುವಷ್ಟು ಹತ್ತಿರ ಬಂತು. ಅದಕ್ಕಾಗಿ ತಂಡ ‘ಕಿಲ್ಲಿಂಗ್ ಮೈ ಓಲ್ಡ್ ಮ್ಯಾನ್’ ಎಂಬ ಹಾಡನ್ನು ಸಿದ್ಧಮಾಡಿತ್ತು. ಅಪೊಸ್ತಲ ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯನ್ನು ಓದಿದವರಿಗೆ ಅದರ ಅರ್ಥ ಸರಳ: ಮನುಷ್ಯನೊಳಗಿನ ಹಳೆಯ ಪಾಪಸ್ವಭಾವ ಕ್ರಿಸ್ತನೊಂದಿಗೆ ಸಾಯಬೇಕು. ಬೈಬಲ್ ಮಾರುವ ಕಂಪನಿಯವರೇ ಆ ಹೆಸರಿಗೆ ಹೆದರಿದರು. ಹುಡುಗನೊಬ್ಬ ತನ್ನ ಅಪ್ಪನನ್ನು ಕೊಲ್ಲುವ ಹಾಡೆಂದು ಜನ ತಿಳಿದಾರು ಎಂದು ಹಾಡು ಕೈಬಿಟ್ಟುಹೋಯಿತು, ನಾಲ್ಕು ವರ್ಷ ಕಾದು ಬೇರೆ ರೆಕಾರ್ಡಿನಲ್ಲಿ ಬಂತು. ಆರ್ಜೆಂಟ್ ತಂಡಕ್ಕೆ ರಸ್ ಬಲಾರ್ಡ್ ಬರೆದ ‘ಗಾಡ್ ಗೇವ್ ರಾಕ್ ಆ್ಯಂಡ್ ರೋಲ್ ಟು ಯು’ ಹಾಡನ್ನು ಇವರು ಮಾತು ಬದಲಿಸಿ ಹಾಡಿದ್ದೂ ಇದೇ ರೆಕಾರ್ಡಿನಲ್ಲಿ. ಅದನ್ನು 1984ರಲ್ಲಿ ಮತ್ತೊಮ್ಮೆ ಹಾಡಿದರು. ರಾಕ್ ಸಂಗೀತ ದೇವರ ಕೊಡುಗೆ ಎಂಬ ಮಾತನ್ನು ಇಲ್ಲಿ ವಾದದ ಬಿಸಿಯಲ್ಲೇ ಕೇಳಬೇಕು. ‘ಕಮ್ ಆ್ಯಂಡ್ ಜಾಯಿನ್ ಅಸ್’ನಲ್ಲಿ ಗ್ರೆಗ್ ವೋಲ್ಜ್ ಎಂಬ ಗಾಯಕ ಅತಿಥಿಯಾಗಿ ಬಂದ. ಮುಂದೆ ಅವನೇ ತಂಡದ ಧ್ವನಿಯಾದ.

1979ರ ಹೊತ್ತಿಗೆ ಮೂಲದ ನಾಲ್ವರಲ್ಲಿ ಹಾರ್ಟ್‌ಮನ್ ಮಾತ್ರ ಉಳಿದಿದ್ದ. ಟೆಕ್ಸಸ್‌ನ ಚಿಕ್ಕ ಸಂಸ್ಥೆ ಸ್ಟಾರ್ ಸಾಂಗ್‌ಗಾಗಿ ಮಾಡಿದ ‘ವಾಷಸ್ ವೈಟರ್ ದ್ಯಾನ್’ ಸಪ್ಪೆ, ಗಿಟಾರು ಹಿಂದೆ ಸರಿದು ಕೂತಿದೆ. ರೇಡಿಯೊದವರನ್ನು ಒಲಿಸಿಕೊಳ್ಳುವ ಆತಂಕ ಅದರಲ್ಲಿ ಕಾಣುತ್ತದೆ.

ತಿರುವು ಬಂದದ್ದು 1981ರ ‘ನೆವರ್ ಸೇ ಡೈ’ಯಿಂದ. ಅದರ ‘ದಿ ಕಲರಿಂಗ್ ಸಾಂಗ್’ ರಾಕ್ ಹಾಡೇ ಅಲ್ಲ. ಮರದ ಗಿಟಾರಿನ ತಂತಿಗಳನ್ನು ಬೆರಳಿನಿಂದ ಮೀಟುತ್ತಾ, ಎರಡು ಮೂರು ದನಿಗಳು ಸೇರಿ, ಬಣ್ಣಗಳ ಮೂಲಕ ಕ್ರಿಸ್ತನ ಬಲಿಯ ಕಥೆಯನ್ನು ಹೇಳುವ ಪುಟ್ಟ ಹಾಡು ಅದು. ಡೇವ್ ಈಡನ್ ಬರೆದದ್ದು. ಕ್ರೈಸ್ತ ರೇಡಿಯೊ ಕೇಂದ್ರಗಳು ಅದನ್ನು ಹಿಡಿದುಕೊಂಡವು, ತಾಯಂದಿರು ಮಕ್ಕಳಿಗೆ ಕಲಿಸಿದರು. ಆ ಹಾಡಿಗಾಗಿ ರೆಕಾರ್ಡು ಕೊಂಡವರ ಮನೆಗೆ ಅದರ ಜೊತೆಯಲ್ಲಿದ್ದ ಗಟ್ಟಿ ರಾಕ್ ಹಾಡುಗಳೂ ಬಂದವು. ಚರ್ಚಿನ ಬಾಗಿಲು ಮೊದಲ ಸಲ ಒಂದಿಷ್ಟು ತೆರೆಯಿತು.

ಅಲ್ಲಿಂದ ಮುಂದಿನ ಮೂರು ವರ್ಷ ಪೆಟ್ರಾದ ಸುಗ್ಗಿ ಕಾಲ. ‘ಮೋರ್ ಪವರ್ ಟು ಯಾ’ (1982), ‘ನಾಟ್ ಆಫ್ ದಿಸ್ ವರ್ಲ್ಡ್’ (1983), ‘ಬೀಟ್ ದಿ ಸಿಸ್ಟಮ್’ (1984). ನಿರ್ಮಾಪಕ ಜೊನಾಥನ್ ಡೇವಿಡ್ ಬ್ರೌನ್. ಕೀಬೋರ್ಡಿಗೆ ಮೊದಲೆರಡರಲ್ಲಿ ಜಾನ್ ಸ್ಲಿಕ್, ಬೇಸ್‌ಗೆ ಮಾರ್ಕ್ ಕೆಲ್ಲಿ, ಡ್ರಮ್ಸ್‌ಗೆ ಲೂಯಿ ವೀವರ್. ವೋಲ್ಜ್‌ನ ದನಿ ಎತ್ತರಕ್ಕೆ ಏರಿ ಅಲ್ಲೇ ನಿಂತು ಕಂಪಿಸುವ ದನಿ. ಎಷ್ಟೇ ಮೇಲಕ್ಕೆ ಹೋದರೂ ಮಾತು ಕಲಸಿಹೋಗುವುದಿಲ್ಲ. ಹಾರ್ಟ್‌ಮನ್‌ಗೆ ಬೇಕಾಗಿದ್ದದ್ದು ಅದೇ, ಯಾಕೆಂದರೆ ಅವನ ಹಾಡುಗಳಲ್ಲಿ ಮಾತು ಮುಖ್ಯ. ರೆಕಾರ್ಡಿನ ಜೊತೆ ಬರುವ ಹಾಳೆಯಲ್ಲಿ ಪ್ರತಿ ಹಾಡಿನ ಸಾಹಿತ್ಯದ ಬಳಿ ಅದು ಬೈಬಲಿನ ಯಾವ ಅಧ್ಯಾಯ, ಯಾವ ವಚನದಿಂದ ಬಂದದ್ದು ಎಂದು ಅಚ್ಚು ಹಾಕಿಸುತ್ತಿದ್ದರು. ಆಕ್ಷೇಪ ಎತ್ತುವವರ ಮುಂದೆ ಹಿಡಿಯಲು ಅದು ದಾಖಲೆ. ಹಾಡು ಇಷ್ಟಪಟ್ಟ ಹದಿಹರೆಯದ ಹುಡುಗನಿಗೆ ಅದು ಪಾಠ. ಹಾರ್ಟ್‌ಮನ್‌ನೊಳಗೆ ಒಬ್ಬ ಮೇಷ್ಟ್ರಿದ್ದ, ಅವನು ಪೆಟ್ರಾದ ದೊಡ್ಡ ಬಲ. ಕೆಲವೊಮ್ಮೆ ಅವನೇ ಹಾಡಿಗೆ ಭಾರವೂ ಆಗುತ್ತಾನೆ.

ಆ ಮೇಷ್ಟ್ರು ಸಿಟ್ಟಾದಾಗ ಹಾಡುಗಳು ತುಂಬ ಚೆನ್ನಾಗಿವೆ. ‘ಮೋರ್ ಪವರ್ ಟು ಯಾ’ದ ‘ರೋಸ್ ಕಲರ್ಡ್ ಸ್ಟೇನ್ಡ್ ಗ್ಲಾಸ್ ವಿಂಡೋಸ್’ ಕೇಳಿ. ಚರ್ಚಿನ ಬಣ್ಣದ ಗಾಜಿನ ಕಿಟಕಿಯ ಒಳಗೆ ಸುಖವಾಗಿ ಕೂತು, ಹೊರಗಿನ ನೋವನ್ನು ನೋಡದ ಭಕ್ತರ ಮೇಲಿನ ಹಾಡು ಅದು. ಚರ್ಚಿಗೆ ಒಳ್ಳೆಯವರೆನಿಸಿಕೊಳ್ಳಲು ಹೆಣಗುತ್ತಿದ್ದ ತಂಡ ಅದೇ ಚರ್ಚಿಗೆ ಇಂಥ ಮಾತು ಹೇಳಿತು ಎಂಬುದನ್ನು ನಾನು ಗೌರವದಿಂದ ನೆನೆಯುತ್ತೇನೆ. ಅದೇ ರೆಕಾರ್ಡಿನಲ್ಲಿ ‘ರೋಡ್ ಟು ಝಯನ್’ ಇದೆ, ಯಾತ್ರಿಕನೊಬ್ಬನ ನಡಿಗೆಯ ಹಾಡು. ಅದನ್ನು ಕೇಳಿದ ಮೇಲೆ ಉಲ್ಟಾ ತಿರುಗಿಸಿ ಸೈತಾನನನ್ನು ಹುಡುಕುವ ಮನಸ್ಸು ಯಾರಿಗಾದರೂ ಹೇಗೆ ಬಂದೀತು ಅನ್ನಿಸುತ್ತದೆ.

‘ನಾಟ್ ಆಫ್ ದಿಸ್ ವರ್ಲ್ಡ್’ ಇವರ ಅತ್ಯುತ್ತಮ ಕೆಲಸ ಎಂಬುದು ನನ್ನ ನಿಲುವು. ಇದರ ಆರಂಭವನ್ನು ಗಮನವಿಟ್ಟು ಕೇಳಬೇಕು. ಸಿಂಥಸೈಜರಿನ ದಟ್ಟ ನಾದದೊಳಗಿಂದ ಒಂದು ಹಳೆಯ ರಾಗ ಮೆಲ್ಲಗೆ ಮೇಲೇಳುತ್ತದೆ. ಹದಿನಾರನೇ ಶತಮಾನದ ಜಿನೀವಾದಲ್ಲಿ ಕೀರ್ತನೆಗಳಿಗೆ ಹೊಂದಿಸಿದ ‘ಓಲ್ಡ್ ಹಂಡ್ರೆಡ್ತ್’ ರಾಗ ಅದು. ಕಾಣಿಕೆ ಎತ್ತುವ ಹೊತ್ತಿಗೆ ಸ್ತುತಿ ಹಾಡುವ ಪ್ರೊಟೆಸ್ಟೆಂಟ್ ಸಭೆಗಳಲ್ಲಿ ಬೆಳೆದವರಿಗೆ, ನಮ್ಮ ನಾಡಿನಲ್ಲೂ, ಇದು ಬಾಯಿಪಾಠ. ಅಮೆರಿಕದಲ್ಲಿ ಡ್ರಮ್ಸ್ ಕಂಡರೆ ಎದ್ದು ಹೋಗುತ್ತಿದ್ದ ಹಿರಿಯರು ಪ್ರತಿ ಭಾನುವಾರ ಎದ್ದು ನಿಂತು ಹಾಡುತ್ತಿದ್ದದ್ದೂ ಇದನ್ನೇ. ಮಾತಿಲ್ಲದೆ ಬರುವ ಆ ರಾಗ ರೆಕಾರ್ಡಿನ ಕೊನೆಗೆ ಮತ್ತೆ ಬರುತ್ತದೆ. ನಡುವೆ ಇರುವುದೆಲ್ಲ ರಾಕ್. ನಾವು ನಿಮ್ಮವರೇ ಎಂದು ಇದಕ್ಕಿಂತ ಚೆನ್ನಾಗಿ ಹೇಳುವುದು ಕಷ್ಟ. ಪುನರುತ್ಥಾನದ ಮೇಲಿನ ‘ಗ್ರೇವ್ ರಾಬರ್’ ಕೂಡ ಇದರಲ್ಲೇ ಇದೆ. ಸಾವನ್ನು ಗೆದ್ದವನನ್ನು ಸಮಾಧಿಯ ಕಳ್ಳನೆಂದು ಕರೆಯುವ ಧೈರ್ಯ, ಅದರ ಜೊತೆಗೆ ನಿಧಾನವಾಗಿ ಏರುವ ಭರವಸೆಯ ರಾಗ. ಈಗ ಕೇಳಿದರೆ ಸಿಂಥಸೈಜರಿನ ಬಣ್ಣ 1983ರದ್ದೆಂದು ಗೊತ್ತಾಗುತ್ತದೆ. ಹಾಡಿನ ಮೂಳೆಗೆ ವಯಸ್ಸಾಗಿಲ್ಲ.

ಇದೇ ವರ್ಷಗಳಲ್ಲಿ ಟೀಕೆಯೂ ಕಾವೇರಿತು. ಟಿ.ವಿ. ಪ್ರಸಂಗಗಳಿಂದ ಮನೆಮಾತಾಗಿದ್ದ ಲೂಸಿಯಾನಾದ ಜಿಮ್ಮಿ ಸ್ವಾಗರ್ಟ್ ಕ್ರೈಸ್ತ ರಾಕ್‌ನ ಕಡು ವಿರೋಧಿ. 1987ರಲ್ಲಿ ಅದನ್ನು ಕುರಿಯ ತೊಗಲು ಹೊದ್ದ ತೋಳವೆಂದು ಕರೆದು ಒಂದು ಪುಸ್ತಕವನ್ನೇ ತಂದರು. ಸ್ವಾಗರ್ಟ್ ಸ್ವತಃ ಪಿಯಾನೊ ನುಡಿಸಿ ಹಾಡಿದವರು, ರಾಕ್ ಆ್ಯಂಡ್ ರೋಲ್ ಕಟ್ಟಿದ ಜೆರ್ರಿ ಲೀ ಲೂಯಿಸ್‌ಗೆ ಸೋದರಸಂಬಂಧಿ. ಚರ್ಚಿನ ಪಿಯಾನೊಗೂ ಕುಣಿತದ ಮನೆಯ ಪಿಯಾನೊಗೂ ನಡುವಿನ ದೂರ ಎಷ್ಟು ಕಡಿಮೆ ಎಂಬುದನ್ನು ಅವರಷ್ಟು ಹತ್ತಿರದಿಂದ ಬಲ್ಲವರು ಕಡಿಮೆ. ಅವರ ಭಯ ಸುಳ್ಳಾಗಿರಲಿಲ್ಲ ಎಂದೇ ನನಗೆ ತೋರುತ್ತದೆ. ಆದರೆ ಆ ಭಯದ ಬೆಲೆ ತೆತ್ತವರು ಹಗಲಿಡೀ ಬಸ್ಸಿನಲ್ಲಿ ಸುತ್ತಿ, ರಾತ್ರಿ ಹಾಡಿ, ಹಾಡು ಮುಗಿದ ಮೇಲೆ ಹುಡುಗರ ಜೊತೆ ಪ್ರಾರ್ಥಿಸುತ್ತಿದ್ದ ಸಂಗೀತಗಾರರು. ಪೆಟ್ರಾ ತನ್ನ ಪಾಲಿನ ಉತ್ತರವನ್ನು ಪುಸ್ತಕ ಬರುವ ಮೊದಲೇ ಕೊಟ್ಟಾಗಿತ್ತು. ‘ಬೀಟ್ ದಿ ಸಿಸ್ಟಮ್’ನ ‘ವಿಚ್ ಹಂಟ್’ ತಮ್ಮವರನ್ನೇ ಬೇಟೆಯಾಡುವ ಕ್ರೈಸ್ತರ ಬಗ್ಗೆ ಇರುವ ಹಾಡು.

ವೋಲ್ಜ್ 1985ರ ಹೊತ್ತಿಗೆ ತಂಡ ಬಿಟ್ಟ. ಅವನ ಜಾಗಕ್ಕೆ ಬಂದ ಜಾನ್ ಷ್ಲಿಟ್‌ನ ಕಥೆ ಪೆಟ್ರಾದ ಹಾಡುಗಳಷ್ಟೇ ಗಟ್ಟಿಯಾದದ್ದು. 1970ರ ದಶಕದಲ್ಲಿ ಇಲಿನಾಯ್‌ನ ಹೆಡ್ ಈಸ್ಟ್ ಎಂಬ ತಂಡದ ಗಾಯಕ ಅವನು. 1975ರ ‘ಫ್ಲ್ಯಾಟ್ ಆ್ಯಸ್ ಎ ಪ್ಯಾನ್‌ಕೇಕ್’ ಅವರಿಗೆ ಹೆಸರು ತಂದಿತ್ತು. ಕುಡಿತ, ಕೊಕೇನ್ ಅವನನ್ನು ಕೆಡಿಸಿದವು, 1980ರಲ್ಲಿ ತಂಡ ಅವನನ್ನು ಹೊರಹಾಕಿತು. ಸಾಯುವ ಯೋಚನೆಯವರೆಗೆ ಹೋದವನು ಅದೇ ವರ್ಷ ಕ್ರೈಸ್ತ ನಂಬಿಕೆಗೆ ಬಂದ. ಆಮೇಲೆ ಹಾಡುವುದನ್ನು ಬಿಟ್ಟು, ಗಣಿ ಉದ್ಯಮದಲ್ಲಿ ಕೆಲಸಕ್ಕೆ ಸೇರಿ ಸಂಸಾರ ಸಾಕುತ್ತಿದ್ದ. ಹಾರ್ಟ್‌ಮನ್‌ನ ಕರೆ ಬಂದಾಗ ಅವನ ದನಿ ವರ್ಷಗಟ್ಟಲೆ ವಿಶ್ರಾಂತಿಯಲ್ಲಿತ್ತು. ವೋಲ್ಜ್‌ನದು ತಿಳಿಯಾದ ದನಿ. ಷ್ಲಿಟ್‌ನದು ಒರಟು, ಅನುಭವಿಸಿದವನದು. 1986ರ ‘ಬ್ಯಾಕ್ ಟು ದಿ ಸ್ಟ್ರೀಟ್’ನಿಂದ ತಂಡದ ಬಣ್ಣ ಬದಲಾಯಿತು. ನಿರ್ಮಾಪಕರಾದ ಎಲಿಫಾಂಟೆ ಸೋದರರಲ್ಲಿ ಜಾನ್ ಹಿಂದೆ ಕ್ಯಾನ್ಸಸ್ ತಂಡದಲ್ಲಿ ಹಾಡಿದವನು, ಅವನಿಗೆ ದೊಡ್ಡ ಕ್ರೀಡಾಂಗಣ ತುಂಬುವ ಸದ್ದು ಕಟ್ಟುವುದು ಗೊತ್ತಿತ್ತು.

‘ದಿಸ್ ಮೀನ್ಸ್ ವಾರ್’, ‘ಆನ್ ಫೈರ್’, ‘ಬಿಯಾಂಡ್ ಬಿಲೀಫ್’, ‘ಅನ್‌ಸೀನ್ ಪವರ್’, ‘ವೇಕ್-ಅಪ್ ಕಾಲ್’: 1987ರಿಂದ 1993ರವರೆಗಿನ ಈ ರೆಕಾರ್ಡುಗಳು ಪೆಟ್ರಾಗೆ ದೊಡ್ಡ ಸಭಿಕರನ್ನೂ ಗ್ರ್ಯಾಮಿ ಪ್ರಶಸ್ತಿಗಳನ್ನೂ ತಂದವು. ಫಾರ್ಮ್ ಏಡ್ ರೈತ ಸಹಾಯಾರ್ಥ ಸಂಗೀತೋತ್ಸವದಲ್ಲಿ ಹೆಸರಾಂತ ರಾಕ್ ತಂಡಗಳ ಜೊತೆ ಇವರೂ ನುಡಿಸಿದರು. ಅಷ್ಟರಲ್ಲಿ ಸ್ಟ್ರೈಪರ್ ತಂಡ ಹಳದಿ ಕಪ್ಪು ಪಟ್ಟೆಯ ಉಡುಪಿನಲ್ಲಿ ಎಂ.ಟಿ.ವಿ.ಗೂ ಹೋಗಿ, ಕಛೇರಿಗಳಲ್ಲಿ ಜನರತ್ತ ಹೊಸ ಒಡಂಬಡಿಕೆಯ ಪ್ರತಿಗಳನ್ನು ಎಸೆದು ಬಂದಿತ್ತು. ಮಾರುಕಟ್ಟೆಯ ಬಾಗಿಲೂ ತೆರೆದಾಗಿತ್ತು. ಈ ಅವಧಿಯ ಪೆಟ್ರಾದಲ್ಲಿ ಕುಶಲತೆ ಹೆಚ್ಚು, ತೂಕ ಸಮ. ‘ಬಿಯಾಂಡ್ ಬಿಲೀಫ್’ನ ಗಟ್ಟಿತನವನ್ನು ಅಲ್ಲಗಳೆಯಲಾರೆ. ಆದರೆ ಯುದ್ಧದ ರೂಪಕಗಳೇ ತುಂಬಿದ ಹಾಡುಗಳಲ್ಲಿ ಚರ್ಚಿನ ಮೇಲಿನ ಹಳೆಯ ಸಿಟ್ಟು ಕಡಿಮೆಯಾಗುತ್ತಾ ಹೋದದ್ದು ಕಿವಿಗೆ ಬೀಳುತ್ತದೆ. ಬೇಡವೆಂದವರು ಬರಮಾಡಿಕೊಂಡ ಮೇಲೆ ಜಗಳ ಯಾರೊಂದಿಗೆ?

ಈ ನಡುವೆ 1989ರಲ್ಲಿ ಬಂದ ಒಂದು ರೆಕಾರ್ಡನ್ನು ಆಗ ಬದಿಯ ಕೆಲಸವೆಂದೇ ಎಣಿಸಿದ್ದಿರಬೇಕು. ‘ಪೆಟ್ರಾ ಪ್ರೈಸ್: ದಿ ರಾಕ್ ಕ್ರೈಸ್ ಔಟ್’. ಸಭೆಗಳಲ್ಲಿ ಜನ ಸೇರಿ ಹಾಡುವ ಸ್ತುತಿಗೀತೆಗಳನ್ನು ರಾಕ್ ವಾದ್ಯಗಳಲ್ಲಿ ನುಡಿಸಿದ್ದು. ಕೇಳುವುದಕ್ಕಿಂತ ಜೊತೆಗೆ ಹಾಡುವುದಕ್ಕೆ ಮಾಡಿದ ರೆಕಾರ್ಡು ಅದು. ಚರ್ಚಿನ ಯುವಕರ ಗುಂಪುಗಳಿಗೆ ಡ್ರಮ್ಸ್ ಕಿಟ್, ಎಲೆಕ್ಟ್ರಿಕ್ ಗಿಟಾರ್ ಇಟ್ಟುಕೊಂಡು ಆರಾಧನೆ ನಡೆಸುವ ಮಾದರಿ ಸಿಕ್ಕಿತು. 1997ರಲ್ಲಿ ಅದರ ಎರಡನೇ ಭಾಗವೂ ಬಂತು. ಅಷ್ಟರಲ್ಲಿ ಅಮೆರಿಕ, ಇಂಗ್ಲೆಂಡ್, ಆಸ್ಟ್ರೇಲಿಯಾದ ಚರ್ಚುಗಳಲ್ಲಿ ಆರಾಧನಾ ಸಂಗೀತದ ದೊಡ್ಡ ಅಲೆ ಎದ್ದಿತ್ತು. ವೇದಿಕೆಯ ಮೇಲೆ ಪೂರ್ತಿ ಬ್ಯಾಂಡ್, ಪರದೆಯ ಮೇಲೆ ಹಾಡಿನ ಸಾಲು. ಈಗ ಬೆಂಗಳೂರಿನ ಎಷ್ಟೋ ಸಭೆಗಳಲ್ಲೂ ಭಾನುವಾರ ಬೆಳಿಗ್ಗೆ ಕಾಣುವುದು ಇದೇ. ಹುಡುಗರು ಡ್ರಮ್ಸ್ ಕೇಳಲು ಚರ್ಚು ಬಿಟ್ಟು ಬೇರೆಡೆಗೆ ಹೋಗಬೇಕಾದ ಕಾಲ ಮುಗಿಯಿತು. ಅವರಿಗಾಗಿ ಕಛೇರಿ ಮಾಡುತ್ತಾ ಊರೂರು ತಿರುಗುವ ರಾಕ್ ತಂಡದ ಕೆಲಸವೂ ಅದರೊಂದಿಗೆ ಮುಗಿಯಿತು.

ಬದಲಾವಣೆಯಲ್ಲಿ ಕಳೆದುಹೋದದ್ದೂ ಇದೆ. ಸ್ತುತಿಗೀತೆ ಸಭೆಯ ಪರವಾಗಿ ದೇವರೊಡನೆ ಮಾತಾಡುತ್ತದೆ, ಅದು ಅದರ ಧರ್ಮ. ‘ರೋಸ್ ಕಲರ್ಡ್ ಸ್ಟೇನ್ಡ್ ಗ್ಲಾಸ್ ವಿಂಡೋಸ್’ ಸಭೆಯೊಡನೆಯೇ ಮಾತಾಡುತ್ತಿತ್ತು, ಅದೂ ಮುಲಾಜಿಲ್ಲದೆ. ಅಂಥ ಹಾಡಿಗೆ ಭಾನುವಾರದ ಆರಾಧನೆಯಲ್ಲಿ ಜಾಗ ಸಿಗುವುದಿಲ್ಲ.

ಹಾರ್ಟ್‌ಮನ್ 1995ರ ಹೊತ್ತಿಗೆ ತಿರುಗಾಟ ನಿಲ್ಲಿಸಿದ, ಬರೆಯುವುದನ್ನು ಬಿಡಲಿಲ್ಲ. 2000ದಲ್ಲಿ ಗಾಸ್ಪೆಲ್ ಮ್ಯೂಸಿಕ್ ಅಸೋಸಿಯೇಶನ್ ತನ್ನ ಗೌರವ ಪಟ್ಟಿಗೆ ಪೆಟ್ರಾವನ್ನು ಸೇರಿಸಿತು, ಆ ಪಟ್ಟಿಗೆ ಹೋದ ಮೊದಲ ರಾಕ್ ತಂಡ ಇದು. ಹಳೆಯ ಹಾಡುಗಳನ್ನು ಹೊಸದಾಗಿ ನುಡಿಸಿದ ‘ಡಬಲ್ ಟೇಕ್’ಗೆ ನಾಲ್ಕನೇ ಗ್ರ್ಯಾಮಿ ಬಂತು. 2003ರ ‘ಜೆಕಿಲ್ ಆ್ಯಂಡ್ ಹೈಡ್’ನಲ್ಲಿ ನ್ಯೂಸ್‌ಬಾಯ್ಸ್ ತಂಡದ ಪೀಟರ್ ಫರ್ಲರ್ ನಿರ್ಮಾಪಕನಾಗಿ ನಿಂತು ಇವರಿಂದ ಒರಟಾದ, ಗಿಟಾರೇ ಮುಂದಿರುವ ಸದ್ದು ತೆಗೆಸಿದ. ಮೂವತ್ತು ದಾಟಿದ ತಂಡದಿಂದ ಅಷ್ಟು ಕಸುವು ಹೊಮ್ಮಿದ್ದು ಸಂತೋಷದ ಸಂಗತಿ. 2005ರ ಡಿಸೆಂಬರ್ 31ರಂದು ಟೆನೆಸ್ಸೀಯ ಮರ್ಫ್ರೀಸ್‌ಬರೋದಲ್ಲಿ ವಿದಾಯದ ಕಛೇರಿ ನಡೆಯಿತು, ಹೊಸ ವರ್ಷ ಹುಟ್ಟುವವರೆಗೂ ಹಾಡಿದರು. ಆಮೇಲೂ 2010ರಲ್ಲಿ ವೋಲ್ಜ್‌ನನ್ನು ಕೂಡಿಕೊಂಡು ಹಳಬರು ಒಂದು ರೆಕಾರ್ಡು ಮಾಡಿದರು.

ಪೆಟ್ರಾವನ್ನು ಹೊಸದಾಗಿ ಕೇಳಬಯಸುವವರು ಪ್ರಶಸ್ತಿ ಬಂದ ರೆಕಾರ್ಡುಗಳಿಂದ ಶುರುಮಾಡಬೇಕಿಲ್ಲ, ಅವು ಕಾಯಬಲ್ಲವು. ಮೊದಲು ‘ನಾಟ್ ಆಫ್ ದಿಸ್ ವರ್ಲ್ಡ್’, ಮಧ್ಯದಲ್ಲಿ ನಿಲ್ಲಿಸದೆ, ಮೊದಲ ರಾಗದಿಂದ ಕೊನೆಯ ರಾಗದವರೆಗೆ. ಆಮೇಲೆ ‘ಮೋರ್ ಪವರ್ ಟು ಯಾ’. ಅವೆರಡು ಹಿಡಿಸಿದರೆ 1974ಕ್ಕೆ ಹಿಂದಿರುಗಿ, ಆ ಎರಡು ಗಿಟಾರುಗಳನ್ನು ಕೇಳಬೇಕು. ಅವನ್ನು ನುಡಿಸಿದವರು ಆಗಿನ್ನೂ ಇಪ್ಪತ್ತರ ಹರೆಯದವರು. ಮುಂದೆ ಬರಲಿದ್ದ ಜಗಳದ ಸುಳಿವು ಆ ನುಡಿಸಾಣಿಕೆಯಲ್ಲಿ ಎಲ್ಲೂ ಇಲ್ಲ.